ಬಾಗಿಲಿಲ್ಲದ ಕಾರು, ಹನ್ನೊಂದು ಶನಿವಾರ

ಮೊದಲು, ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಕಾರು ಹುಡುಕುತ್ತಿದ್ದ ಗೆಳೆಯನ ಅಳತೆಗಳು. ಎತ್ತರ ಆರು ಅಡಿ ಒಂದಿಂಚು, ತೂಕ 94 ಕೆಜಿ, ಬೂಟು 11ನೇ ನಂಬರು. ಮನೆಯ ಗ್ಯಾರೇಜಿನಲ್ಲಿ ಒಂದೇ ಕಾರಿಗೆ ಜಾಗ, ಒಳಗಿನ ಅಗಲ ಎಂಟು ಅಡಿ. ವರ್ಷದಲ್ಲಿ ಪೂರ್ತಿಯಾಗಿ ಕೈಗೆ ಸಿಗುವ ಶನಿವಾರಗಳು ಹನ್ನೊಂದು. ಹಣ 20,000 ಪೌಂಡ್, ಅದೂ ಮೊದಲ ವರ್ಷದ ಟೈರು, ಹೆಲ್ಮೆಟ್, ಟ್ರ್ಯಾಕಿನ ಶುಲ್ಕ ಎಲ್ಲ ಸೇರಿ. ಕಾಗದದ ಮೇಲೆ ಇಷ್ಟು ಬರೆದು ಮುಂದಿಟ್ಟಾಗ, ಇದರಲ್ಲಿ ಅಶ್ವಶಕ್ತಿ ಎಲ್ಲಿಯೂ ಇಲ್ಲವಲ್ಲ ಎಂದು ನನ್ನ ಗೆಳೆಯ ಸಿಡುಕಿದ. ಅದು ಕೊನೆಗೆ ಬರುವ ಬಾಬತ್ತು ಎಂದೆ.

ಅವನು ಹಾಸನದವನು. ಮೈಸೂರಿನಲ್ಲಿ ಪಿಯುಸಿ ಓದುವಾಗ ನಾವಿಬ್ಬರೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಈಗ ಅವನು ಇಂಗ್ಲೆಂಡಿನ ಡರ್ಬಿ ಊರಿನಲ್ಲಿ ಅರಿವಳಿಕೆ ತಜ್ಞ. ನಾನು ಒಂದು ಗಂಟೆಯ ದಾರಿಯಾಚೆ ಕವೆಂಟ್ರಿಯಲ್ಲಿ ವಾಹನದ ಬಿಡಿಭಾಗಗಳ ಎಂಜಿನಿಯರ್. ಸಹೋದ್ಯೋಗಿಯೊಬ್ಬರು ಅವನನ್ನು ಡೋನಿಂಗ್ಟನ್ ಪಾರ್ಕಿಗೆ ಕರೆದೊಯ್ದು ತಮ್ಮ ಪುಟ್ಟ ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಆರು ಸುತ್ತು ಹಾಕಿಸಿದ್ದರು. 1993ರ ಮಳೆಯಲ್ಲಿ ಫಾರ್ಮುಲಾ ಒನ್ ಚಾಲಕ ಸೆನ್ನಾ ಮೊದಲ ಸುತ್ತಿನಲ್ಲೇ ಎಲ್ಲರನ್ನೂ ಹಿಂದೆ ಹಾಕಿದ ಟ್ರ್ಯಾಕ್ ಅದು. ಆ ರಾತ್ರಿ ಫೋನು ಬಂತು. "ನನಗೊಂದು ಕಿಟ್ ಕಾರು ಬೇಕು. ನಾನೇ ಜೋಡಿಸಬೇಕು. ಯಾವುದು ಕೊಳ್ಳಲಿ, ಹೇಳು."

ಆ ಮೂರು ವಾಕ್ಯಗಳಲ್ಲಿ ಎರಡು ಬೇರೆ ಬೇರೆ ಆಸೆಗಳಿವೆ ಎಂದು ಅವನಿಗೆ ಆಗ ಗೊತ್ತಿರಲಿಲ್ಲ. ನನಗೂ ಹೊಳೆದದ್ದು ಎರಡು ತಿಂಗಳ ನಂತರ.

ಕಿಟ್ ಕಾರು ಅಂದರೆ

ಬಿಡಿಭಾಗಗಳ ರೂಪದಲ್ಲಿ ಪೆಟ್ಟಿಗೆಗಳಲ್ಲಿ ಮನೆಗೆ ಬರುವ, ನಾವೇ ಸ್ಪ್ಯಾನರ್ ಹಿಡಿದು ಜೋಡಿಸಿಕೊಳ್ಳುವ ಕಾರು. ಈ ವಂಶದ ಮೂಲಪುರುಷ 1957ರ ಲೋಟಸ್ ಸೆವೆನ್. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್ ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಬೇಡವೆನಿಸಿದ್ದನ್ನೆಲ್ಲ ಕಿತ್ತು ಹಾಕಿ ಮಾಡಿದ ಕಾರು. ಅದು ಪೆಟ್ಟಿಗೆಯಲ್ಲಿ ಮಾರಾಟವಾಗುತ್ತಿದ್ದುದು ಹವ್ಯಾಸಿಗಳ ಮೇಲಿನ ಪ್ರೀತಿಯಿಂದೇನೂ ಅಲ್ಲ: ಬ್ರಿಟನ್ನಿನಲ್ಲಿ ಆಗ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. 1973ರಲ್ಲಿ ವ್ಯಾಟ್ ಬಂದು ಆ ಸಂದು ಮುಚ್ಚಿತು. ಅದೇ ವರ್ಷ ಸೆವೆನ್ ತಯಾರಿಕೆಯ ಹಕ್ಕು ಲೋಟಸ್‌ನಿಂದ ಕೇಟರ್‌ಹ್ಯಾಮ್ ಎಂಬ ಕಂಪನಿಗೆ ಹೋಯಿತು. ತೆರಿಗೆಯ ಲಾಭ ಹೋದರೂ ಜೋಡಿಸುವ ಚಟ ಉಳಿಯಿತು. ವೆಸ್ಟ್‌ಫೀಲ್ಡ್ ಮುಂತಾದವರು ಅದೇ ಆಕಾರದ ಕಾರುಗಳನ್ನು ತಂದರು. ಹಳೆಯ ಫೋರ್ಡ್‌ನ ಎಂಜಿನ್ ಕಿತ್ತು, ಮನೆಯ ಹಿತ್ತಲಿನಲ್ಲಿ ಚೌಕಟ್ಟು ಬೆಸೆದು ಸೆವೆನ್ನಿನಂಥದ್ದನ್ನು ಕಟ್ಟಿಕೊಂಡವರೂ ಇದ್ದಾರೆ.

ಬ್ರಿಟನ್ನಿನಲ್ಲಿ ಇಂಥ ಕಾರನ್ನು ಐವಿಎ ಎಂಬ ಒಂಟಿ ವಾಹನದ ತಪಾಸಣೆಗೆ ಒಯ್ದರೆ, ಅಂಚುಗಳ ಹರಿತದಿಂದ ಹಿಡಿದು ಬ್ರೇಕಿನವರೆಗೆ ನೋಡಿ, ಪಾಸಾದರೆ ರಸ್ತೆಗೆ ಬಿಡುತ್ತಾರೆ. ನಮ್ಮಲ್ಲಿ ಮನೆಯಲ್ಲೇ ಜೋಡಿಸಿದ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಿದರೆ ನಂಬರ್ ಸಿಗುವುದಿಲ್ಲ. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐಯಂಥ ಸಂಸ್ಥೆಯಿಂದ ಆ ಮಾದರಿಗೇ ಒಪ್ಪಿಗೆ ಬೇಕು. ಬೆಂಗಳೂರಿನಲ್ಲಿ ಇಷ್ಟೊಂದು ಮಂದಿ ಎಂಜಿನಿಯರುಗಳಿದ್ದೂ ಯಾರ ಗ್ಯಾರೇಜಿನಲ್ಲೂ ಸೆವೆನ್ ಹುಟ್ಟದಿರಲು ಕೈ ಬಾರದಿರುವುದು ಕಾರಣವಲ್ಲ.

ತೂಕದ ಮಾತಿಗೆ ನಮಗಿಬ್ಬರಿಗೂ ತಿಳಿಯುವ ಅಳತೆಗೋಲು ಮಾರುತಿ 800. ಇಬ್ಬರೂ ಕಲಿತದ್ದು ಅದರಲ್ಲೇ. ಅದರ ತೂಕ ಸುಮಾರು 650 ಕೆಜಿ, ಶಕ್ತಿ ನಲವತ್ತು ಅಶ್ವಶಕ್ತಿಯ ಒಳಗೆ. ಸಾಧಾರಣ ಸೆವೆನ್ ಆರುನೂರು ಕೆಜಿಯನ್ನೂ ಮುಟ್ಟುವುದಿಲ್ಲ; ಶಕ್ತಿ ಅದರ ಮೂರು ಪಟ್ಟಿಗೂ ಹೆಚ್ಚು. ಆದರೆ ಟ್ರ್ಯಾಕಿಗೆ ಹೋಗುವವನಿಗೆ ಹಗುರದ ಅಸಲು ಲಾಭ ವೇಗವಲ್ಲ, ಖರ್ಚು. ಒಂದೂವರೆ ಟನ್ನಿನ ಕಾರು ಒಂದೇ ದಿನದಲ್ಲಿ ಬ್ರೇಕ್ ಪ್ಯಾಡನ್ನೂ ಮುಂದಿನ ಟೈರುಗಳ ಹೊರ ಅಂಚನ್ನೂ ತಿಂದು ಹಾಕಬಲ್ಲದು. ಇದು ಅದೇ ಸಾಮಾನಿನಲ್ಲಿ ಹಲವು ದಿನ ಓಡಿ, ಸಂಜೆ ಅದರಲ್ಲೇ ಮನೆಗೂ ಬರುತ್ತದೆ.

ಪಟ್ಟಿಯಲ್ಲಿದ್ದವು ನಾಲ್ಕು

ಒಂದು, ಕೇಟರ್‌ಹ್ಯಾಮ್ ಹೊಸ ಕಿಟ್. ಎರಡು, ಮೋಟರ್‌ಸೈಕಲ್ ಎಂಜಿನ್ ಕೂರಿಸಿದ ಹಳೆಯ ಸೆವೆನ್ ಮಾದರಿಯ ಕಾರು. ಮೂರು, ಮಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ತೆರೆದ ಕಾರೊಂದನ್ನು ಪೂರ್ತಿ ಬಿಚ್ಚಿ ಅದರ ಎಂಜಿನ್, ಗೇರ್‌ಬಾಕ್ಸ್, ಚಕ್ರಗಳ ತೂಗುವ್ಯವಸ್ಥೆಯನ್ನು ಹೊಸ ಚೌಕಟ್ಟಿಗೆ ಕೂರಿಸುವ ಎಕ್ಸೊಸೆಟ್ ತರಹದ ಕಿಟ್. ನಾಲ್ಕು, ಏನನ್ನೂ ಬಿಚ್ಚದೆ ಎಂಎಕ್ಸ್-5 ಕಾರನ್ನೇ ಕೊಂಡು ಓಡಿಸುವುದು.

ನಾಲ್ಕನೆಯದನ್ನು ಸೇರಿಸಿದವನು ನಾನು. ಟ್ರ್ಯಾಕಿಗೆ ಹೊಸಬರಾದ ಹತ್ತು ಜನರಲ್ಲಿ ಏಳು ಜನರಿಗೆ ಅದೇ ಸಾಕು ಎಂಬುದು ಈಗಲೂ ನನ್ನ ಅಭಿಪ್ರಾಯ. ಆದರೆ ಅದು ಬಿದ್ದುಹೋದದ್ದು ಗೆಳೆಯನ ಹೆಂಡತಿಯ ಒಂದೇ ಪ್ರಶ್ನೆಗೆ. ಊಟದ ಮೇಜಿನಲ್ಲಿ ನಾವಿಬ್ಬರೂ ಟಾರ್ಕ್, ಗೇರ್ ಅನುಪಾತ ಎಂದು ಅರ್ಧ ಗಂಟೆ ಮಾತಾಡಿದ ಮೇಲೆ ಅವರು ಕೇಳಿದರು: "ಅದೆಲ್ಲ ಇರಲಿ. ಕಾರು ಪಲ್ಟಿಯಾದರೆ ಇವರ ತಲೆ ಎಲ್ಲಿರುತ್ತದೆ?"

ಎಲ್ಲರಿಗಿಂತ ಸರಿಯಾದ ಪ್ರಶ್ನೆ. ತೆರೆದ ಕಾರಿನಲ್ಲಿ ಚಾಲಕನ ಹಿಂದಿರುವ ಉಕ್ಕಿನ ಕಮಾನಿಗಿಂತ, ಅಂದರೆ ರೋಲ್ ಬಾರಿಗಿಂತ, ಹೆಲ್ಮೆಟ್ಟಿನ ನೆತ್ತಿ ಕೆಳಗಿರಬೇಕು. ಇದನ್ನು ನೋಡಲು ಟ್ರ್ಯಾಕಿನವರು ಹಲವೊಮ್ಮೆ ಒಂದು ಪೊರಕೆಯ ಕೋಲು ತರುತ್ತಾರೆ. ಕೋಲಿನ ಒಂದು ತುದಿ ಕಮಾನಿನ ಮೇಲೆ, ಇನ್ನೊಂದು ಮುಂದಿನ ಗಾಜಿನ ಚೌಕಟ್ಟಿನ ಮೇಲೆ. ನಡುವೆ ಹೆಲ್ಮೆಟ್ ತಾಕಬಾರದು. ಪರಿಚಯದವರೊಬ್ಬರ ಮೊದಲ ಪೀಳಿಗೆಯ ಎಂಎಕ್ಸ್-5ರಲ್ಲಿ ಇವನನ್ನು ಹೆಲ್ಮೆಟ್ ಹಾಕಿಸಿ ಕೂರಿಸಿದೆವು. ಕೋಲು ಹೆಲ್ಮೆಟ್ಟಿನ ಮೇಲೆ ಕೂತು ಮಕ್ಕಳ ಆಟದ ಸೀ-ಸಾ ಹಲಗೆಯಂತೆ ಅತ್ತಿತ್ತ ಆಡಿತು. ಸೀಟಿನ ಹಳಿ ತೆಗೆಸಿ, ಮೆತ್ತೆ ಕೊಯ್ದು, ತೆಳು ಸೀಟು ಹಾಕಿ ಸರಿಮಾಡುವವರಿದ್ದಾರೆ. ಇವನ ಉದ್ದಕ್ಕೆ ಅದೂ ಅನುಮಾನವೇ ಆಗಿತ್ತು.

ಆ ದಿನದಿಂದ ನಮ್ಮ ಕ್ರಮ ಬದಲಾಯಿತು. ಕಾರಿನ ಗುಣಗಳ ಪಟ್ಟಿ ಮಾಡುವುದನ್ನು ಬಿಟ್ಟು, ಮೊದಲು ಹೋಗಿ ಕೂರುವುದು. ಒಂದು ಭಾನುವಾರ ಎರಡು ಕಡೆ, ಒಟ್ಟು ಐದು ಕಾರುಗಳಲ್ಲಿ ಕೂತ. ಸೆವೆನ್ನಿಗೆ ಹತ್ತುವುದೇ ಒಂದು ವಿದ್ಯೆ: ಸೀಟಿನ ಮೇಲೆ ಕಾಲಿಟ್ಟು ನಿಂತು, ಕಮಾನು ಹಿಡಿದು, ಎರಡೂ ಕಾಲನ್ನು ಸ್ಟೀರಿಂಗಿನ ಕೆಳಗೆ ಬಾವಿಗೆ ಇಳಿಬಿಟ್ಟ ಹಾಗೆ ಜಾರಿಸಬೇಕು. ಮಾಮೂಲು ಚಾಸಿಯಲ್ಲಿ, ಅಂದರೆ ಚೌಕಟ್ಟಿನಲ್ಲಿ, ಸೊಂಟ ಹೋಯಿತು, ಭುಜ ಹೋಗಲಿಲ್ಲ. ಬಲ ಮೊಣಕೈ ಕಾರಿನ ಆಚೆ, ಗಾಳಿಯಲ್ಲಿ. ಪೆಡಲುಗಳ ನಡುವಿನ ಅಂತರ ಎಷ್ಟು ಕಡಿಮೆ ಎಂದರೆ 11ನೇ ನಂಬರಿನ ಬೂಟು ಬ್ರೇಕನ್ನೂ ಆಕ್ಸಿಲರೇಟರನ್ನೂ ಒಟ್ಟಿಗೇ ಒತ್ತುತ್ತಿತ್ತು. "ಇದು ಕಾರಲ್ಲ, ಪ್ಯಾಂಟು" ಎಂದ.

ಕೇಟರ್‌ಹ್ಯಾಮ್‌ನಲ್ಲಿ ಎಸ್‌ವಿ ಎಂಬ ಅಗಲ ಚಾಸಿಯೂ ಇದೆ, ಮಾಮೂಲಿಗಿಂತ 110 ಮಿಲಿಮೀಟರ್ ಅಗಲ. ಹೆಬ್ಬೆರಳೂ ಸೇರಿ ಒಂದು ಅಂಗೈಯಗಲದಷ್ಟು ಹೆಚ್ಚುವರಿ ಜಾಗ. ಅದರಲ್ಲಿ ಕೂತವನ ಮುಖ ನೋಡಿಯೇ ನಾನು ಕಾಗದದಲ್ಲಿ ಅದರ ಹೆಸರಿನ ಕೆಳಗೆ ಎರಡು ಗೆರೆ ಎಳೆದೆ. ಅಪ್ಪಟ ಸೆವೆನ್ ಭಕ್ತರು ಅಗಲ ಚಾಸಿಯನ್ನು ಸ್ವಲ್ಪ ತಾತ್ಸಾರದಿಂದ ನೋಡುತ್ತಾರೆ. ತೂಕ ಇಪ್ಪತ್ತು ಚಿಲ್ಲರೆ ಕೆಜಿ ಹೆಚ್ಚಂತೆ. ಮೊಣಕೈ ಒಳಗಿಟ್ಟುಕೊಂಡು ಸ್ಟೀರಿಂಗ್ ತಿರುಗಿಸಲಾಗದವನಿಗೆ ಆ ಇಪ್ಪತ್ತು ಕೆಜಿ ಏನೂ ಅಲ್ಲ.

ಬೈಕ್ ಎಂಜಿನ್ನಿನ ಮೋಹ

ಇಲ್ಲಿ ನಾವು ಹೆಚ್ಚು ಹೊತ್ತು ನಿಂತೆವು. ಅವನು ಇದನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ, ನಾನೂ ಮನಸಾರೆ ಬೇಡ ಎನ್ನಲಿಲ್ಲ.

ಸುಜುಕಿ ಹಯಬುಸಾ ಅಥವಾ ಯಮಹಾ ಆರ್1 ಬೈಕಿನ ಎಂಜಿನ್ ಇರುವ ಹಳೆಯ ಕಾರುಗಳು ನಾವು ನೋಡಿದಾಗ ಒಳ್ಳೆಯ ಕೇಟರ್‌ಹ್ಯಾಮ್‌ನ ಅರ್ಧ ಬೆಲೆಗೆ ಸಿಗುತ್ತಿದ್ದವು. ಒಂದರಿಂದ 1.3 ಲೀಟರಿನ ಎಂಜಿನ್, ನೂರೈವತ್ತು ಅಥವಾ ಅದಕ್ಕೂ ಹೆಚ್ಚು ಅಶ್ವಶಕ್ತಿ, ನಿಮಿಷಕ್ಕೆ ಹನ್ನೊಂದು ಸಾವಿರ ಮುಟ್ಟುವ ಸುತ್ತು, ಬೈಕಿನಂತೆಯೇ ಒಂದಾದ ಮೇಲೊಂದು ತಟ್ಟುವ ಗೇರು. ಮಾರುವವರೊಬ್ಬರು ಎಂಜಿನ್ ಚಾಲೂ ಮಾಡಿ ಒಮ್ಮೆ ಏರಿಸಿದಾಗ ಇವನು ಮಗುವಿನಂತೆ ನಕ್ಕ. ರಿವರ್ಸ್ ಗೇರ್ ಬೈಕಿನಲ್ಲಿ ಇರುವುದಿಲ್ಲವಾದ್ದರಿಂದ ಅದಕ್ಕೆ ಬೇರೆ ಏರ್ಪಾಡು ಬೇಕು. ಆ ಕಾರಿನಲ್ಲಿ ಅದೂ ಇರಲಿಲ್ಲ. "ಇಳಿದು ತಳ್ಳಿದರೆ ಆಯಿತು, ಹಗುರ ಇದೆಯಲ್ಲ" ಎಂದರು ಅವರು. ಅದು ನಿಜವೇ.

ನನ್ನ ಆಕ್ಷೇಪ ಎಣ್ಣೆಯದು. ಬೈಕು ತಿರುವಿನಲ್ಲಿ ವಾಲುತ್ತದೆ. ನೀರು ತುಂಬಿದ ಕೊಡವನ್ನು ಕೈಯಲ್ಲಿ ಹಿಡಿದು ಬೀಸಿದರೆ ನೀರು ತಳಕ್ಕೇ ಅಂಟಿಕೊಳ್ಳುವ ಹಾಗೆ, ವಾಲಿದ ಎಂಜಿನ್ನಿನ ಒಳಗೂ ಎಣ್ಣೆ ತಳದಲ್ಲೇ ನಿಲ್ಲುತ್ತದೆ. ಅದೇ ಎಂಜಿನ್ನನ್ನು ಕಾರಿಗೆ ಕೂರಿಸಿದರೆ ಅದು ವಾಲುವುದಿಲ್ಲ. ಉದ್ದದ ತಿರುವಿನಲ್ಲಿ ಎಣ್ಣೆಯೆಲ್ಲ ತೊಟ್ಟಿಯ ಒಂದು ಗೋಡೆಗೆ ಏರಿ ನಿಲ್ಲುತ್ತದೆ, ಪಂಪಿನ ಬಾಯಿ ಗಾಳಿ ಹೀರುತ್ತದೆ. ಹತ್ತು ಸಾವಿರ ಸುತ್ತಿನಲ್ಲಿ ಎರಡು ಸೆಕೆಂಡು ಎಣ್ಣೆ ಇಲ್ಲದಿದ್ದರೆ ಬೇರಿಂಗ್ ಸುಡಲು ಬೇರೇನೂ ಬೇಡ. ಒಳಗೆ ತಡೆಗೋಡೆಗಳಿರುವ ಚಪ್ಪಟೆ ತೊಟ್ಟಿ ಹಾಕಿಸಬೇಕು, ಇನ್ನೂ ಒಳ್ಳೆಯದೆಂದರೆ ಎಣ್ಣೆಯನ್ನು ಪ್ರತ್ಯೇಕ ಟ್ಯಾಂಕಿನಲ್ಲಿಡುವ ಡ್ರೈ ಸಂಪ್. ಸುಮಾರು 200 ಕೆಜಿಯ ಬೈಕಿಗೆಂದು ಮಾಡಿದ ಕ್ಲಚ್ಚು ಅದರ ಎರಡು ಪಟ್ಟಿಗೂ ಮೀರಿದ ಕಾರನ್ನು ನಿಂತಲ್ಲಿಂದ ಎಳೆಯಬೇಕು ಎಂಬುದು ಇನ್ನೊಂದು.

"ಆ ಸಂಪ್ ಹಾಕಿಸಿದ್ದೀರಾ?" ಎಂದು ಮಾರುವವರನ್ನು ಕೇಳಿದೆ. ಹಾಕಿಸಿದ್ದೇನೆ ಎಂದರು. ಬಿಲ್ಲು ಕೇಳಿದೆ. ಹುಡುಕಿ ಕಳಿಸುತ್ತೇನೆ ಎಂದರು. ಬರಲಿಲ್ಲ. ಸರಿಯಾಗಿ ಕಟ್ಟಿದ ಬೈಕ್ ಎಂಜಿನ್ ಕಾರು ಅದ್ಭುತವಾದ ವಸ್ತು, ಇದರಲ್ಲಿ ಎರಡು ಮಾತಿಲ್ಲ. ಆದರೆ ಯಾರು ಕಟ್ಟಿದರು, ಹೇಗೆ ಕಟ್ಟಿದರು ಎಂದು ಓದಿಕೊಳ್ಳಬಲ್ಲ ಕಣ್ಣು ಕೊಳ್ಳುವವನಿಗೆ ಇರಬೇಕು. ಜೊತೆಗೆ, ಇವನು ಡರ್ಬಿಯಿಂದ ಟ್ರ್ಯಾಕಿಗೆ ಅದರಲ್ಲೇ ಓಡಿಸಿಕೊಂಡು ಹೋಗುವ ಯೋಚನೆಯಲ್ಲಿದ್ದ. ಹೆದ್ದಾರಿಯಲ್ಲಿ ಒಂದು ಗಂಟೆ ಆರು ಸಾವಿರ ಸುತ್ತಿನ ಕಿರುಚಾಟ ಕೇಳಿಕೊಂಡು ಹೋಗಿ, ಮರುದಿನ ಬೆಳಗ್ಗೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮಾನಿಟರಿನ ಸದ್ದಿಗೆ ಕಿವಿಗೊಡಬೇಕಾದ ಕೆಲಸ ಅವನದು. ಟ್ರೇಲರ್ ಮೇಲೆ ಒಯ್ಯಬಹುದಿತ್ತು. 2021ರ ಡಿಸೆಂಬರಿನಿಂದ ಬ್ರಿಟನ್ನಿನ ಮಾಮೂಲು ಕಾರ್ ಲೈಸೆನ್ಸಿನಲ್ಲೇ 3,500 ಕೆಜಿಯವರೆಗಿನ ಟ್ರೇಲರ್ ಎಳೆಯಬಹುದು, ಪ್ರತ್ಯೇಕ ಪರೀಕ್ಷೆ ಬೇಡ. ಆದರೆ ಎಂಟು ಅಡಿಯ ಗ್ಯಾರೇಜಿನಲ್ಲಿ ಕಾರನ್ನೂ ಟ್ರೇಲರನ್ನೂ ಒಟ್ಟಿಗೆ ಇಡುವುದು ಹೇಗೆ? ಅಲ್ಲಿಗೆ ಎರಡನೆಯದೂ ಹೋಯಿತು.

ಗುಣಾಕಾರ

ಉಳಿದವು ಹೊಸ ಕಿಟ್ ಮತ್ತು ಮಜ್ದಾ ಬಿಚ್ಚುವ ಕಿಟ್. ಎರಡರಲ್ಲೂ ಅವನ ಕೈಗೆ ಸ್ಪ್ಯಾನರ್ ಬರುತ್ತದೆ. ಅವನಿಗೆ ಬೇಕಿದ್ದುದೂ ಅದೇ.

ಹೊಸ ಕೇಟರ್‌ಹ್ಯಾಮ್ ಕಿಟ್ ಜೋಡಿಸಲು ನೂರು ಗಂಟೆಯೊಳಗೆ ಸಾಕು ಎಂದು ತಯಾರಕರ ಮಾತು. ಮೊದಲ ಸಲದವರಿಗೆ ಅದರ ಮೇಲೆ ಅರ್ಧ ಸೇರಿಸಬೇಕು ಎಂದು ನನ್ನ ಅನುಭವ. ಮಜ್ದಾ ದಾರಿಯಲ್ಲಿ ಗಂಟೆಯ ಲೆಕ್ಕವೇ ಬೇರೆ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಇಪ್ಪತ್ತು ವರ್ಷ ಉಪ್ಪು ತಿಂದ ಒಂದೊಂದು ಬೋಲ್ಟೂ ಒಂದೊಂದು ಸಂಜೆಯನ್ನು ನುಂಗಬಲ್ಲದು. ಗೆಳೆಯನ ಡ್ಯೂಟಿ ಪಟ್ಟಿಯನ್ನು ಮುಂದಿಟ್ಟುಕೊಂಡು ನಾನು ಕೇಳಿದೆ: "ಒಂದು ಶನಿವಾರಕ್ಕೆ ಗ್ಯಾರೇಜಿನಲ್ಲಿ ಎಷ್ಟು ಗಂಟೆ? ಮಗಳ ಭರತನಾಟ್ಯದ ತರಗತಿ, ತರಕಾರಿ ಎಲ್ಲ ಕಳೆದು ಹೇಳು." ಆರು ಎಂದ. ಹನ್ನೊಂದನ್ನು ಆರರಿಂದ ಗುಣಿಸಿದರೆ ಅರವತ್ತಾರು. ನೂರೈವತ್ತು ಗಂಟೆ ಎಂದರೆ ಎರಡು ವರ್ಷಕ್ಕೂ ಮೇಲೆ. ಅಷ್ಟು ದಿನ ಟ್ರ್ಯಾಕಿಗೆ ಹೋಗಲು ಒಂದು ಶನಿವಾರವೂ ಮಿಕ್ಕುವುದಿಲ್ಲ. ಅದಾದ ಮೇಲೆ ಐವಿಎ, ಅದರಲ್ಲಿ ಯಾವುದಾದರೂ ಅಂಚು ಹರಿತವಾಗಿದೆಯೆಂದು ಒಮ್ಮೆ ವಾಪಸ್ಸು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂದರೆ ನಾನು ಕಟ್ಟಬೇಕೋ, ಓಡಿಸಬೇಕೋ ಎಂದು ಕೇಳುತ್ತಿದ್ದೀಯ."

"ಕೇಳುತ್ತಿಲ್ಲ. ಡೋನಿಂಗ್ಟನ್‌ನಿಂದ ಬಂದು ಫೋನು ಮಾಡಿದ್ದೆಯಲ್ಲ, ಆವತ್ತು ಯಾರಾದರೂ ಸ್ಪ್ಯಾನರ್ ಹಿಡಿದದ್ದನ್ನು ನೋಡಿದ್ದೆಯಾ?"

ಕಿಟ್ ಕಾರು ಮಾರುವವರು ಈ ಎರಡು ಆಸೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಾರೆ. ಅರೆಬರೆ ಜೋಡಿಸಿದ ಚಾಸಿಗಳು ಮಾರಾಟಕ್ಕೆ ಬರುವುದನ್ನು ಗಮನಿಸಿದವರಿಗೆ, ಎರಡರಲ್ಲಿ ಒಂದು ಮಾತ್ರ ಬೇಕಿದ್ದವರು ಎಷ್ಟು ಜನ ಎಂದು ಅಂದಾಜಾಗುತ್ತದೆ. ಹಣದ ಲೆಕ್ಕವೂ ಅದೇ ದಿಕ್ಕಿಗೆ ತೋರಿಸಿತು. ಹೊಸ ಕಿಟ್ಟಿಗೆ ಅಗಲ ಚಾಸಿ, ಒಳ್ಳೆಯ ರೋಲ್ ಬಾರ್, ಆರು ಪಟ್ಟಿಯ ಬೆಲ್ಟು ಸೇರಿಸಿದರೆ ಬಜೆಟ್ಟು ಹರಿದುಹೋಗುತ್ತಿತ್ತು.

ಕೊಂಡದ್ದು ಹತ್ತು ವರ್ಷಕ್ಕೂ ಹಳೆಯದಾದ ಎಸ್‌ವಿ ಚಾಸಿಯ ಕೇಟರ್‌ಹ್ಯಾಮ್. ಫೋರ್ಡ್ ಸಿಗ್ಮಾ 1.6 ಲೀಟರ್, 125 ಅಶ್ವಶಕ್ತಿ. ನಮ್ಮ ದೇಶದಲ್ಲಿ ಫಿಯೆಸ್ಟಾ ಕಾರಿನಲ್ಲಿ ಬಂದ 1.6 ಪೆಟ್ರೋಲ್ ಎಂಜಿನ್ ಇದರ ದಾಯಾದಿ. ಹಿಂದಿನ ಚಕ್ರಗಳೆರಡನ್ನು ಒಂದು ಕೊಳವೆ ಬೆಸೆದಿರುವ ಡಿ ಡಿಯಾನ್ ವ್ಯವಸ್ಥೆ. ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಚಾಸಿಗೇ ಬಿಗಿದಿರುವುದರಿಂದ ಚಕ್ರಗಳ ಜೊತೆ ಕುಣಿಯುವ ಭಾರ ಕಡಿಮೆ. ಮೊದಲ ಮಾಲೀಕರು ನಿವೃತ್ತ ಮೇಷ್ಟರು, ಸ್ವತಃ ಜೋಡಿಸಿದ್ದರು. ಒಂದೊಂದು ಬೋಲ್ಟಿಗೂ ಬಿಗಿ ಮಾಡಿದ ದಿನಾಂಕ ಬರೆದಿಟ್ಟ ನೋಟ್‌ಬುಕ್ ಕಾರಿನ ಜೊತೆ ಬಂತು. ಅವರಿಂದ ಕೊಂಡ ಎರಡನೆಯ ಮಾಲೀಕ ನೋಟ್‌ಬುಕ್ಕಿನಲ್ಲಿ ಏನೂ ಬರೆದಿರಲಿಲ್ಲ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಆಗ ಹಾಸನದಿಂದ ಬಂದಿದ್ದ ಗೆಳೆಯನ ತಾಯಿ ಕಾರನ್ನು ಎರಡು ಸುತ್ತು ಬಂದು ನೋಡಿದರು. "ಬಾಗಿಲೇ ಇಲ್ಲದ ಕಾರಿಗೆ ಹದಿನೇಳು ಸಾವಿರ ಪೌಂಡ್ ಕೊಟ್ಟೆಯೇನೋ?" ಅವನು ಏನೋ ವಿವರಿಸಲು ಹೋದ. "ಆಯಿತು, ಚಕ್ರಕ್ಕೆ ನಿಂಬೆಹಣ್ಣು ಇಡು" ಎಂದರು. ಇಟ್ಟ.

ಮೂರು ಡೆಸಿಬೆಲ್

ಮೊದಲ ದಿನ ಅವನು ಒಂದು ಸುತ್ತೂ ಓಡಿಸಲಿಲ್ಲ.

ಇಂಗ್ಲೆಂಡಿನ ಟ್ರ್ಯಾಕುಗಳ ಸುತ್ತ ಹಳ್ಳಿಗಳಿವೆ, ಹಳ್ಳಿಗಳಲ್ಲಿ ದೂರು ಕೊಡುವವರಿದ್ದಾರೆ. ಆದ್ದರಿಂದ ಬೆಳಗ್ಗೆ ಪ್ರತಿ ಕಾರನ್ನೂ ನಿಲ್ಲಿಸಿ, ಹೊಗೆಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಾಗಿ ಮೀಟರ್ ಹಿಡಿಯುತ್ತಾರೆ. ಎಂಜಿನ್ನನ್ನು ಗರಿಷ್ಠ ಸುತ್ತಿನ ಮುಕ್ಕಾಲಿಗೆ ಏರಿಸಬೇಕು. ಕೆಲವು ಕಡೆ 105 ಡೆಸಿಬೆಲ್ ತನಕ ಬಿಡುತ್ತಾರೆ. ಡೋನಿಂಗ್ಟನ್‌ನಲ್ಲಿ ಮಾಮೂಲು ದಿನಗಳ ಮಿತಿ 98. ಅವನು ಹೋಗಿದ್ದ ಟ್ರ್ಯಾಕಿನಲ್ಲೂ ಅಷ್ಟೇ. ಮೀಟರ್ 101 ತೋರಿಸಿತು. ಮೂರೇ ತಾನೆ ಎಂದು ಇವನು ಚೌಕಾಸಿಗೆ ಇಳಿದ. ಮೂರು ಡೆಸಿಬೆಲ್ ಎಂದರೆ ಶಬ್ದದ ಶಕ್ತಿ ದುಪ್ಪಟ್ಟು. ಮೀಟರ್ ಹಿಡಿದಿದ್ದವರು ವಿನಯದಿಂದಲೇ ಗೇಟು ತೋರಿಸಿದರು. ಕಟ್ಟಿದ ಶುಲ್ಕ ವಾಪಸ್ಸಿಲ್ಲ.

ತಪ್ಪು ನನ್ನದು. ಕೊಳ್ಳುವ ದಿನ ಚಾಸಿಯ ಕೊಳವೆಗಳ ಬೆಸುಗೆ ನೋಡಿದ್ದೆ, ಬಾನೆಟ್ ತೆಗೆದು ಎಣ್ಣೆ ನೋಡಿದ್ದೆ, ಹೊಟ್ಟೆ ಮೇಲೆ ಮಲಗಿ ಡಿಫರೆನ್ಷಿಯಲ್ಲಿನ ಬುಷ್ ಅಲುಗಾಡಿಸಿದ್ದೆ. ಇನ್ನೂರು ಪೌಂಡಿನ ಶಬ್ದದ ಮೀಟರ್ ಆಫೀಸಿನ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು, ಒಯ್ಯಲಿಲ್ಲ. ಎರಡನೆಯ ಮಾಲೀಕ ಮೂಲ ಸೈಲೆನ್ಸರ್ ತೆಗೆದು ಗಿಡ್ಡದೊಂದನ್ನು ಹಾಕಿದ್ದ. ಬಿಚ್ಚಿ ನೋಡಿದರೆ ರಂಧ್ರಗಳ ಕೊಳವೆಯ ಸುತ್ತ ಸುತ್ತಿರಬೇಕಾದ ನಾರು ಸುಟ್ಟು, ಹುರಿದ ತೆಂಗಿನ ಜುಂಗಿನಂತೆ ಕೈಗೆ ಉದುರಿತು. ಉದ್ದದ ಸೈಲೆನ್ಸರ್ ತರಿಸಿ, ಹೊಸ ನಾರು ಬಿಗಿಯಾಗಿ ತುಂಬಿ, ಕೊಳವೆಯ ಬಾಯಿಯನ್ನು ಕೆಳಮುಖವಾಗಿ ತಿರುಗಿಸಿದೆವು. ಗ್ಯಾರೇಜಿನ ಮುಂದೆ ನನ್ನ ಮೀಟರ್ 96 ತೋರಿಸಿತು.

ಅದೇ ದಿನ ತೂಕವನ್ನೂ ಹಂಚಿದೆವು. 570 ಕೆಜಿಯ ಕಾರಿನಲ್ಲಿ 94 ಕೆಜಿಯ ಮನುಷ್ಯ ಬಲಗಡೆ ಕೂತರೆ ಅವನು ಬರೀ ಚಾಲಕನಲ್ಲ, ಕಾರಿನ ಆರನೇ ಒಂದು ಭಾಗ. ಅವನು ಇಲ್ಲದೆ ಮಾಡಿದ ಹೊಂದಾಣಿಕೆ ಅವನು ಕೂತ ಕೂಡಲೇ ಸುಳ್ಳಾಗುತ್ತದೆ. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತಕ್ಕಡಿ ಇಟ್ಟೆವು. ಆದರೆ ಸ್ಪ್ರಿಂಗಿನ ತಟ್ಟೆ ತಿರುಗಿಸಲು ಎರಡು ಜೊತೆ ಕೈ ಬೇಕು, ಅವನು ಕೂತಿದ್ದರೆ ಕೆಲಸ ಸಾಗದು. ಲೆಸ್ಟರಿನ ಮೆಲ್ಟನ್ ರಸ್ತೆಯ ಅಂಗಡಿಯಿಂದ ಆ ವಾರವಷ್ಟೇ ತಂದಿದ್ದ ಸೋನಾ ಮಸೂರಿ ನೆನಪಾಯಿತು. ಇಪ್ಪತ್ತು ಕೆಜಿಯ ನಾಲ್ಕು ಚೀಲ, ಹತ್ತರ ಒಂದು, ನಾಲ್ಕು ಕೆಜಿ ತೊಗರಿಬೇಳೆ. ಬೆಲ್ಟು ಹಾಕಿ ಬಿಗಿದು ಕೂರಿಸಿದೆವು. ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳ ಮೊತ್ತ ಒಟ್ಟು ತೂಕದ ಅರ್ಧಕ್ಕೆ ಬರುವ ತನಕ ಕಾಲು ಸುತ್ತು, ಅರ್ಧ ಸುತ್ತು ಎಂದು ತಿರುಗಿಸುತ್ತ ಮಧ್ಯಾಹ್ನ ಕಳೆಯಿತು. ಅಡುಗೆಮನೆಯಿಂದ ಅವನ ಹೆಂಡತಿ ಬಂದು, "ಅನ್ನಕ್ಕೆ ಇಡಬೇಕು, ಡ್ರೈವರನ್ನು ಇಳಿಸುತ್ತೀರಾ?" ಎಂದರು.

ಒಂದು ವರ್ಷ

ಹನ್ನೊಂದು ಶನಿವಾರಗಳಲ್ಲಿ ಐದನ್ನು ಟ್ರ್ಯಾಕಿನಲ್ಲಿ ಕಳೆದ. ಡೋನಿಂಗ್ಟನ್ ಎರಡು ಸಲ, ಮ್ಯಾಲರಿ ಪಾರ್ಕ್ ಎರಡು ಸಲ, ಲಿಂಕನ್‌ಶೈರಿನ ಕ್ಯಾಡ್ವೆಲ್ ಪಾರ್ಕ್ ಒಮ್ಮೆ. ಟೈರು ಒಂದೇ ಸೆಟ್, ಬ್ರೇಕ್ ಪ್ಯಾಡು ಅವೇ. ರಸ್ತೆಯ ವಿಮೆ ಟ್ರ್ಯಾಕಿಗೆ ಅನ್ವಯಿಸದ ಕಾರಣ ದಿನದ ಲೆಕ್ಕದಲ್ಲಿ ಪ್ರತ್ಯೇಕ ವಿಮೆ. ಅದು ನಮ್ಮ ಅಂದಾಜಿನಲ್ಲಿ ಇರಲಿಲ್ಲ, ಬಜೆಟ್ಟು ಅಷ್ಟರಮಟ್ಟಿಗೆ ಮೀರಿತು. ನೇರ ದಾರಿಯಲ್ಲಿ ದೊಡ್ಡ ಜರ್ಮನ್ ಕಾರುಗಳು ಇವನನ್ನು ದಾಟಿ ಹೋಗುತ್ತವೆ. ಸೆವೆನ್ನಿನ ಮೂತಿ ಗಾಳಿಗೆ ಇಟ್ಟಿಗೆಯಿದ್ದಂತೆ, ಗಂಟೆಗೆ ನೂರು ಮೈಲಿ ದಾಟುವ ಹೊತ್ತಿಗೆ ಎದೆಗೆ ಯಾರೋ ಕೈಯಿಟ್ಟು ತಡೆದಂತಾಗುತ್ತದೆ. ಬ್ರೇಕ್ ಹಾಕುವ ಜಾಗದಲ್ಲಿ ಅವೇ ಕಾರುಗಳು ಮತ್ತೆ ಇವನ ಮುಂದೆ ದೊಡ್ಡದಾಗುತ್ತ ಬರುತ್ತವೆ. 125 ಅಶ್ವಶಕ್ತಿ ಸಾಲದು ಎಂದು ಓಡಿಸಿದ ಮೊದಲ ದಿನ ಅಂದಿದ್ದ, ಐದನೆಯ ದಿನ ಅನ್ನಲಿಲ್ಲ. ಡೋನಿಂಗ್ಟನ್‌ನ ಕ್ರೇನರ್ ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತದೆ ಇಳಿಯಲು ಇನ್ನೂ ಧೈರ್ಯ ಬಂದಿಲ್ಲ ಎಂದ. ಒಳ್ಳೆಯದು ಎಂದೆ.

ನವೆಂಬರಿನಲ್ಲಿ ಫೋನು ಬಂತು. ಹಿಂಬದಿಯಿಂದ ಸಣ್ಣ ಟಕಟಕ ಸದ್ದು. ಬುಷ್ ಸವೆದಿರಬೇಕು, ಒಂದು ಸಂಜೆಯ ಕೆಲಸ ಎಂದೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗಿ ನೋಡಿದರೆ ಕಾರು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಡಿ ಡಿಯಾನ್ ಕೊಳವೆ ಗೋಡೆಗೆ ಒರಗಿತ್ತು, ಡಿಫರೆನ್ಷಿಯಲ್ ಹಳೆಯ ಬೆಡ್‌ಶೀಟಿನ ಮೇಲೆ ಮಲಗಿತ್ತು, ಗೇರ್‌ಬಾಕ್ಸ್ ಯಾಕೆ ಕೆಳಗಿಳಿದಿತ್ತೋ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೋಲ್ಟುಗಳೆಲ್ಲ ಉಪ್ಪಿನಕಾಯಿಯ ಖಾಲಿ ಬಾಟಲಿಗಳಲ್ಲಿ, ಒಂದೊಂದಕ್ಕೂ ಕನ್ನಡದಲ್ಲಿ ಬರೆದ ಚೀಟಿ. ಮೇಷ್ಟರ ನೋಟ್‌ಬುಕ್ಕು ತೆರೆದಿತ್ತು. ಅವರ ಕೊನೆಯ ಸಾಲಿನ ಕೆಳಗೆ ಇವನ ವೈದ್ಯರ ಕೈಬರಹ ಶುರುವಾಗಿತ್ತು, ಆಗಲೇ ಎರಡು ಪುಟ.